ಐದರ ನಂತರ ಅಮ್ಮ ಬರುತ್ತಾಳೆ

ಶಿಶುವಿಹಾರಗಳ ಪರಿವೀಕ್ಷಣಾಧಿಕಾರಿಗಳೇ,

ನನ್ನ ಮೊಮ್ಮಗಳಿಗೆ ಲೆಕ್ಕ ಬರುವುದಿಲ್ಲ ಎಂದು ತಾವು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಸಹಿಯ ಮೇಲೆ ಮೊಹರನ್ನೂ ಒತ್ತಿ ಮನೆಗೆ ಕಳುಹಿಸಿದ್ದೀರಿ. ಆಕೆಯ ವಯಸ್ಸು ನಾಲ್ಕು ವರ್ಷ ಮೂರು ತಿಂಗಳು. ಅದೇ ದಿನ ಅವಳ ತರಗತಿಯ ಆಟದ ಬೀರುವಿಗೆ ಬೀಗ ಜಡಿದು ಕೀಲಿಯನ್ನು ಜೊತೆಗೇ ತೆಗೆದುಕೊಂಡು ಹೋದಿರಿ. ಮೂರನೆಯ ದಿನ ಅವಳ ಟೀಚರಿಗೆ, ಗಣಿತದ ಅವಧಿಯಲ್ಲಿ ಮಕ್ಕಳನ್ನು ಆಟವಾಡಿಸಿದ್ದೇಕೆ ಎಂದು ವಿವರಣೆ ಕೇಳಿ ನೋಟಿಸು ಕಳುಹಿಸಿದಿರಿ. ಮಗುವಿಗೊಂದು, ಬೀರುವಿಗೊಂದು, ಟೀಚರಿಗೊಂದು, ಒಟ್ಟು ಮೂರು ಶಿಕ್ಷೆ. ನೋಡಿ, ನಮ್ಮ ಮನೆತನದಲ್ಲಿ ಅಷ್ಟಿಷ್ಟು ಲೆಕ್ಕ ಬರುತ್ತದೆ.

ನಾನು ಯಾರೆಂದು ತಮಗೆ ನೆನಪಿರಲಾರದು. ತಾವು ಪರಿಶೀಲನೆಗೆ ಬಂದ ಬೆಳಿಗ್ಗೆ, ತರಗತಿಯ ಮೂಲೆಯಲ್ಲಿ ತೊಳೆದ ಪರದೆಗಳ ಗಂಟಿನ ಪಕ್ಕ ಕೂತಿದ್ದ ಮುದುಕಿ ನಾನೇ. ನಮ್ಮದು ಲಾಂಡ್ರಿ. ಬಟ್ಟೆ ಒಗೆಯುವ ಯಂತ್ರ ಎರಡು, ಉದ್ದನೆಯ ಮೇಜು ಒಂದು, ಅದರ ಮೇಲೊಂದು ಇಸ್ತ್ರಿಪೆಟ್ಟಿಗೆ, ಆ ಇಸ್ತ್ರಿಪೆಟ್ಟಿಗೆಯ ಹಿಂದೆ ಮೂವತ್ತೆಂಟು ವರ್ಷದಿಂದ ನಿಂತೇ ಇರುವ ನನ್ನ ಯಜಮಾನರು. ನಾನು ಓದಿದ್ದು ಏಳನೆಯ ತರಗತಿ. ಆದರೂ ಈ ಪತ್ರದ ಭಾಷೆ ತಮ್ಮ ಕಚೇರಿಯ ಭಾಷೆಯಂತೆ ಗಂಜಿ ಹಾಕಿ ನೆಟ್ಟಗೆ ನಿಂತಿದ್ದರೆ ಆಶ್ಚರ್ಯಪಡಬೇಡಿ. ಗಿರಾಕಿಗಳ ಬಟ್ಟೆ ಸುತ್ತುವುದಕ್ಕೆ ತರುವ ಹಳೆಯ ಪತ್ರಿಕೆಗಳನ್ನು ಸುತ್ತುವ ಮುಂಚೆ ನಾನು ಓದಿ ಮುಗಿಸುತ್ತೇನೆ. ಪ್ರಕಟಣೆ, ಸ್ಪಷ್ಟೀಕರಣ, ತಿದ್ದುಪಡಿ, ವಿಷಾದ, ಎಲ್ಲವೂ ನನಗೆ ಪರಿಚಿತ. ವಿಷಾದ ಮಾತ್ರ ಬಲು ಅಪರೂಪಕ್ಕೆ ಕಣ್ಣಿಗೆ ಬೀಳುತ್ತದೆ.

ಮೊಮ್ಮಗಳನ್ನು ನಾವು ಚಿಳ್ಳೆ ಎಂದು ಕರೆಯುತ್ತೇವೆ. ಅವಳ ತಾಯಿ, ಅಂದರೆ ನನ್ನ ಮಗಳು, ಆಸ್ಪತ್ರೆಯಲ್ಲಿ ನರ್ಸು. ಶಿಶುವಿಹಾರ ಬಿಡುವುದು ಹನ್ನೆರಡೂವರೆಗೆ. ಮಗಳು ಬರುವುದು ಐದು ಗಂಟೆ ಕಳೆದ ಮೇಲೆ. ನಡುವಿನ ಹೊತ್ತು ಚಿಳ್ಳೆ ಲಾಂಡ್ರಿಯಲ್ಲಿ ಇರುತ್ತಾಳೆ. ಸುಮ್ಮನೆ ಇರುತ್ತಾಳೆಯೇ? ಕಾಲುಚೀಲಗಳಿಗೆ ಜೋಡಿ ಹುಡುಕುವ ಕೆಲಸ ಪೂರ್ತಿ ಅವಳದು. ಒಗೆದು ಒಣಗಿದ ಕಾಲುಚೀಲಗಳ ರಾಶಿಯನ್ನು ನೆಲಕ್ಕೆ ಸುರಿದುಕೊಂಡು, ಬಣ್ಣ ನೋಡಿ, ಪಟ್ಟೆ ನೋಡಿ, ಉದ್ದ ನೋಡಿ, ಒಂದರ ಮೇಲೊಂದು ಇಟ್ಟು ಅಳೆದು ಸಂಬಂಧ ಕುದುರಿಸುತ್ತಾಳೆ. ಜೋಡಿ ಸಿಗದವುಗಳಿಗೆ ಬೇರೆ ಬುಟ್ಟಿ. ಒಂದು ದಿನ ಆ ಬುಟ್ಟಿಯನ್ನು ಎಣಿಸಿ, "ಅಜ್ಜೀ, ಇದ್ರಲ್ಲಿ ಏಳಿದೆ. ಇನ್ನು ಏಳು ಎಲ್ಲೋ ಅಳ್ತಾ ಕೂತಿರುತ್ತೆ" ಅಂದಳು. ನಾನು ನಕ್ಕೆ. ನಗು ನಿಂತ ಮೇಲೆ ಯೋಚಿಸಿದೆ. ಕಣ್ಣಿಗೆ ಕಾಣದ ಏಳನ್ನು ಅವಳು ಎಣಿಸಿದ್ದು ಹೇಗೆ?

ಬೆಡ್‌ಶೀಟು ಮಡಿಸುವಾಗ ಎರಡು ತುದಿ ನನ್ನ ಕೈಯಲ್ಲಿ, ಎರಡು ತುದಿ ಅವಳ ಕೈಯಲ್ಲಿ. ಒಮ್ಮೆ ಮಡಿಸಿದರೆ ಅರ್ಧ, ಮತ್ತೊಮ್ಮೆ ಮಡಿಸಿದರೆ ಅರ್ಧದ ಅರ್ಧ. "ಚಿಕ್ಕದಾಗ್ತಾ ಹೋಗುತ್ತೆ, ಆದ್ರೆ ದಪ್ಪ ಆಗ್ತಾ ಹೋಗುತ್ತೆ. ಬಟ್ಟೆ ಎಲ್ಲೂ ಓಡಿಹೋಗಿಲ್ಲ ಅಜ್ಜಿ, ಇಲ್ಲೇ ಒಳಗಡೆ ಬಚ್ಚಿಟ್ಕೊಂಡಿದೆ" ಎಂದು ನನಗೇ ಪಾಠ ಹೇಳುತ್ತಾಳೆ. ಅಜ್ಜ ಅಂಗಿಗೆ ಇಸ್ತ್ರಿ ಹಾಕುವಾಗ ಗುಂಡಿ ಎಣಿಸುವುದು ಇನ್ನೊಂದು ಆಟ. ಅದರಲ್ಲಿ ಅಜ್ಜನಿಗೂ ಮೊಮ್ಮಗಳಿಗೂ ದಿನಾ ತಕರಾರು. ತೋಳಿನ ಗುಂಡಿ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ? ಒಳಗಡೆ ಹೆಚ್ಚುವರಿಯಾಗಿ ಹೊಲಿದಿಟ್ಟ ಗುಂಡಿಯ ಗತಿ ಏನು? ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಎಣಿಕೆಗೆ ಅರ್ಥವಿಲ್ಲ ಎಂಬುದನ್ನು ಅವರಿಬ್ಬರೂ ಜಗಳವಾಡಿಯೇ ಕಂಡುಕೊಂಡರು. ತಮ್ಮ ಇಲಾಖೆಯಲ್ಲಿ ಇದಕ್ಕೆ ಎರಡು ದಿನದ ತರಬೇತಿ ಶಿಬಿರ ಬೇಕಾದೀತು.

ಇಷ್ಟೆಲ್ಲ ಹೇಳಿ ನಮ್ಮ ಲಾಂಡ್ರಿಯನ್ನು ವಿದ್ಯಾಪೀಠ ಮಾಡುವ ಉದ್ದೇಶ ನನಗಿಲ್ಲ. ಮೊದಲು ಇದನ್ನೆಲ್ಲ ನಾನು ಮಗುವಿನ ಕಿತಾಪತಿ ಎಂದೇ ತಿಳಿದಿದ್ದೆ. "ಕಾಲಿಗೆ ಸಿಗಬೇಡ, ಆ ಕಡೆ ಹೋಗಿ ಆಡ್ಕೋ" ಎಂದು ಗದರಿದ್ದೂ ಉಂಟು. ನನ್ನ ಕಣ್ಣು ತೆರೆಸಿದ್ದು ಅವಳ ಟೀಚರು. ವರ್ಷದ ಆರಂಭದಲ್ಲಿ ಒಂದು ಮಧ್ಯಾಹ್ನ ಆಕೆ ಅಂಗಡಿಗೆ ಬಂದರು. ಮೂವತ್ತು ದಾಟದ ಹೆಂಗಸು. ಬೆಳಿಗ್ಗೆಯಿಂದ ಮಕ್ಕಳ ಜೊತೆ ಕೂಗಿ ಗಂಟಲು ಕಟ್ಟಿತ್ತು. ಒಗೆಯುವುದಕ್ಕೆ ಬಟ್ಟೆ ತಂದಿರಲಿಲ್ಲ.

"ಅಮ್ಮಾ, ನಿಮ್ಮಲ್ಲಿ ಕಿತ್ತುಹೋದ ಗುಂಡಿಗಳು ಇರುತ್ತಾ? ಮುರಿದ ಕ್ಲಿಪ್ಪು? ಹಳೇ ಹ್ಯಾಂಗರು?"

"ಇರುತ್ತೆ. ನಿಮಗ್ಯಾಕಮ್ಮಾ ಆ ಕಸ?"

"ಲೆಕ್ಕದ ಪಾಠಕ್ಕೆ," ಅಂದರು.

ನಾನು ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆದರೂ ವರ್ಷಗಟ್ಟಲೆ ಯಂತ್ರದ ತಳದಲ್ಲಿ ಸಿಕ್ಕ ಗುಂಡಿಗಳಿದ್ದ ಒಂದು ಡಬ್ಬಿ ಕೊಟ್ಟೆವು. ಆಮೇಲೆ ಕುತೂಹಲ ತಡೆಯಲಾರದೆ, ಚಿಳ್ಳೆಯನ್ನು ಕರೆತರುವ ನೆಪದಲ್ಲಿ ಅರ್ಧ ಗಂಟೆ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತು ನೋಡತೊಡಗಿದೆ. ಹ್ಯಾಂಗರಿನ ಎರಡು ತುದಿಗೆ ಎರಡು ಬಟ್ಟಲು ಕಟ್ಟಿ ತಕ್ಕಡಿ ಮಾಡಿದ್ದರು. ಒಂದು ದೊಡ್ಡ ಗುಂಡಿಗೆ ಎಷ್ಟು ಚಿಕ್ಕ ಗುಂಡಿ ಸಮ ಎಂದು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದವು. ಇನ್ನೊಂದು ದಿನ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು. ಟೀಚರು ತಗಡಿನ ಡಬ್ಬಿಗೆ ಒಂದೊಂದೇ ಗುಂಡಿ ಬೀಳಿಸುತ್ತಿದ್ದರು. ಟಣ್, ಟಣ್, ಟಣ್. "ಎಷ್ಟು?" ಹದಿನೆಂಟು ಮಕ್ಕಳ ಕೋಣೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ದಿನ ಕೋಣೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆದರು. ಮೊದಲು ದೈತ್ಯನ ಹೆಜ್ಜೆ, ಆಮೇಲೆ ಇಲಿಯ ಹೆಜ್ಜೆ. ದೈತ್ಯನಿಗೆ ಒಂಬತ್ತು, ಇಲಿಗೆ ಮೂವತ್ತೊಂದು. "ಕೋಣೆ ಒಂದೇ, ಲೆಕ್ಕ ಯಾಕೆ ಎರಡು ಬಂತು?" ಎಂದು ಟೀಚರು ಕೇಳಿದರು. ಅಷ್ಟೂ ಜನ ಯೋಚನೆಗೆ ಬಿದ್ದರು. ಕೊನೆಗೆ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು. "ಇಲಿ ಪಾದ ಪುಟ್ಟದಲ್ವಾ ಟೀಚರ್, ಅದಕ್ಕೆ ಜಾಸ್ತಿ ಬೇಕು." ನಾನು ಬಾಗಿಲಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ನಾನು ಏಳು ವರ್ಷ ಶಾಲೆಯ ಮಣೆಯ ಮೇಲೆ ಕೂತವಳು. ಅಷ್ಟರಲ್ಲಿ ಒಂದೇ ಒಂದು ಸಲವೂ ಯಾರೂ ನನ್ನನ್ನು ಇಲಿ ಮಾಡಿರಲಿಲ್ಲ.

ಇನ್ನು ತಾವು ಬಂದ ದಿನದ ವಿಚಾರ. ಪರದೆಗಳನ್ನು ತೊಳೆದು ತಂದಿದ್ದೆ. ತಾವು ಬಂದಿರಿ ಎಂದು ಟೀಚರು ಗಾಬರಿಯಲ್ಲಿ "ಅಮ್ಮಾ, ಸ್ವಲ್ಪ ಕೂತಿರಿ" ಅಂದರು. ಹಾಗಾಗಿ ನಾನು ಕಣ್ಣಾರೆ ಕಂಡ ಸಾಕ್ಷಿ.

ಚಿಳ್ಳೆಯ ಸರದಿ ಬಂದಾಗ ತಾವು ಒಂದು ರಟ್ಟು ಹಿಡಿದಿರಿ. ಅದರಲ್ಲಿ ಎರಡು ಅಂಕಿ. ಮೂರು ಎಂಬುದನ್ನು ಯಾವ ಪುಣ್ಯಾತ್ಮರು ಮುದ್ರಿಸಿದ್ದರೋ, ಅಂಗೈಯಗಲ ಇತ್ತು. ಪಕ್ಕದಲ್ಲಿ ಎಂಟು, ಹೆಬ್ಬೆರಳಿನಷ್ಟು. "ಇದರಲ್ಲಿ ಯಾವುದು ದೊಡ್ಡದು?" ಎಂದಿರಿ. ಮಗು ರಟ್ಟನ್ನು ನೋಡಿತು, ತಮ್ಮನ್ನು ನೋಡಿತು. "ಬರ್ದಿರೋದು ದೊಡ್ಡದಾ ಸರ್, ಒಳಗಡೆ ಇರೋದು ಜಾಸ್ತಿನಾ?" ಎಂದು ಕೇಳಿತು. ಮಾನ್ಯರೇ, ಅದು ಇಡೀ ಬೆಳಿಗ್ಗೆ ಆ ಕೋಣೆಯಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ. ತಾವು ಹೇಳಿದ್ದೇನು? "ಪ್ರಶ್ನೆ ಕೇಳಬಾರದು. ಉತ್ತರ ಮಾತ್ರ ಹೇಳು." ಅವಳು ಮೂರನ್ನು ತೋರಿಸಿದಳು. ಕೆಂಪು ಗೆರೆ ಬಿತ್ತು. ನನ್ನ ಬಳಿಗೆ ಯಾರಾದರೂ ಮೂರು ದೊಡ್ಡ ಕಂಬಳಿ, ಎಂಟು ಕರವಸ್ತ್ರ ತಂದು ಯಾವುದು ದೊಡ್ಡದು ಎಂದರೆ ನಾನೂ ಕಂಬಳಿಯನ್ನೇ ತೋರಿಸುತ್ತೇನೆ. ನನಗೂ ಒಂದು ಕೆಂಪು ಗೆರೆ ಇರಲಿ.

ಎರಡನೆಯ ಪ್ರಶ್ನೆ: "ಐದರ ನಂತರ ಏನು ಬರುತ್ತೆ?"

"ಅಮ್ಮ ಬರ್ತಾಳೆ."

ತಮ್ಮ ಸಹಾಯಕರು ನಗು ತಡೆಯಲಾರದೆ ಕೆಮ್ಮಿದರು. ತಾವು ನಗಲಿಲ್ಲ, ಗೆರೆ ಎಳೆದಿರಿ. ಮೂಲೆಯಲ್ಲಿದ್ದ ನನಗೆ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ದಿನಾ ಮಧ್ಯಾಹ್ನ "ಅಮ್ಮ ಯಾವಾಗ ಬರ್ತಾಳೆ?" ಎಂದು ಕೇಳುವ ಆ ಮಗುವಿಗೆ, ಗೋಡೆಯ ಗಡಿಯಾರದಲ್ಲಿ ಚಿಕ್ಕ ಮುಳ್ಳು ಐದನ್ನು ಮುಟ್ಟುವುದನ್ನು ತೋರಿಸಿ ನಾವೇ ಹೇಳಿಕೊಟ್ಟ ಉತ್ತರ ಅದು. ಅವಳ ಬದುಕಿನಲ್ಲಿ ಐದು ಎಂಬ ಅಂಕಿಗೆ ಇರುವಷ್ಟು ತೂಕ ತಮ್ಮ ಬದುಕಿನಲ್ಲಿ ಯಾವ ಅಂಕಿಗಿದೆ, ಹೇಳಿ ನೋಡೋಣ.

ಮೂರನೆಯದು ಕೊಳದ ಚಿತ್ರ. "ಎಷ್ಟು ಬಾತುಕೋಳಿ ಇವೆ?" ತಮ್ಮ ಕೈಯಲ್ಲಿದ್ದ ಹಾಳೆಯಲ್ಲಿ ಉತ್ತರ ನಾಲ್ಕು. ಚಿಳ್ಳೆ ಐದು ಅಂದಳು. ಗೆರೆ. ನಾನು ಪರದೆ ಮಡಿಸುವ ನೆಪದಲ್ಲಿ ಎದ್ದುಬಂದು ಹತ್ತಿರದಿಂದ ನೋಡಿದೆ. ನೀರಿನಲ್ಲಿ ನಾಲ್ಕು ಬಾತುಕೋಳಿ ಇದ್ದದ್ದು ನಿಜ. ಬಲಗಡೆಯ ಅಂಚಿನಲ್ಲಿ, ಹುಲ್ಲಿನ ಹಿಂದೆ, ಒಂದು ಬಾಲ ಕಾಣುತ್ತಿತ್ತು. ಬಾತುಕೋಳಿಯಿಲ್ಲದ ಬಾಲವನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ಅದು ಗಣಿತಕ್ಕಿಂತ ದೊಡ್ಡ ಸುದ್ದಿ, ಪತ್ರಿಕೆಗೆ ಕೊಡಿ, ನಾನು ತಪ್ಪದೆ ಓದುತ್ತೇನೆ. ಹಿಂದೊಂದು ದಿನ ಆ ಹಾಳೆಯ ಉತ್ತರವನ್ನು ಅಚ್ಚು ಮಾಡಿದವರು ಬಾಲವನ್ನು ಗಮನಿಸಲಿಲ್ಲ. ತಾವೂ ಗಮನಿಸಲಿಲ್ಲ. ಗಮನಿಸಿದ ಒಬ್ಬಳಿಗೆ ಸೊನ್ನೆ ಸಿಕ್ಕಿತು.

ಕೊನೆಗೆ ಒಂದರಿಂದ ಐವತ್ತರವರೆಗೆ ಬರೆ ಅಂದಿರಿ. ಏಳರವರೆಗೆ ಬರೆದಳು. ಆರನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದಿದ್ದಳು. ಆಮೇಲೆ ಬೆರಳು ಸೋತು ಬಾತುಕೋಳಿಯ ಬಾಲ ಬಿಡಿಸತೊಡಗಿದಳು. ಇದೊಂದರಲ್ಲಿ ತಮ್ಮ ಗೆರೆ ನ್ಯಾಯವಾದದ್ದು, ಒಪ್ಪುತ್ತೇನೆ. ಬರೆಯುವುದನ್ನು ಅವಳು ಇನ್ನೂ ಕಲಿಯಬೇಕು. ಕಲಿಯುತ್ತಾಳೆ. ಪೆನ್ಸಿಲು ಹಿಡಿಯುವ ಆ ಬೆರಳುಗಳಿಗೆ ಸ್ವಲ್ಪ ಸಮಯ ಕೊಡಿ. ಅವು ಹುಟ್ಟಿ ಇನ್ನೂ ನಾಲ್ಕೇ ವರ್ಷವಾಗಿದೆ.

ಅದೇ ಬೆಳಿಗ್ಗೆ ಇನ್ನೊಂದು ಮಗು, ಪಕ್ಕದ ಬೀದಿಯ ದರ್ಜಿಯ ಮಗಳು, ಒಂದರಿಂದ ನೂರರವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿತು. ತಾವು ಶಾಭಾಷ್ ಅಂದಿರಿ, ನಾನೂ ಅಂದೆ. ತಾವು ಪಕ್ಕದ ಕೋಣೆಗೆ ಹೋದ ಮೇಲೆ ನಾನು ಸ್ಟೂಲು ಹತ್ತಿ ಪರದೆ ಕಟ್ಟುತ್ತಾ, "ಪುಟ್ಟೀ, ಆ ಬುಟ್ಟಿಯಿಂದ ನಾಲ್ಕು ಕ್ಲಿಪ್ಪು ಕೊಡಮ್ಮಾ" ಅಂದೆ. ಮಗು ಎರಡು ಕೈ ತುಂಬ ಎತ್ತಿಕೊಟ್ಟಿತು. "ನಾಲ್ಕು ಇದೆಯಾ ನೋಡು" ಅಂದರೆ, "ಒಂದು ಎರಡು ಮೂರು ನಾಲ್ಕು ಐದು ಆರು ಏಳು..." ಎಂದು ಮತ್ತೆ ನೂರರ ಕಡೆಗೆ ಹೊರಟಿತು. ತಪ್ಪು ಆ ಮಗುವಿನದಲ್ಲ. ಅದಕ್ಕೆ ಮನೆಯಲ್ಲಿ ಒಂದು ಒಳ್ಳೆಯ ಹಾಡು ಕಲಿಸಿದ್ದಾರೆ, ರಾಗವಾಗಿ ಹಾಡುತ್ತದೆ. ಹಾಡಿನೊಳಗಿನ ನಾಲ್ಕು ಎಂಬುದು ನಾಲ್ಕು ಕ್ಲಿಪ್ಪೂ ಹೌದು, ನಾಲ್ಕು ಮೆಟ್ಟಿಲೂ ಹೌದು, ಡಬ್ಬಿಗೆ ಬಿದ್ದ ನಾಲ್ಕು ಸದ್ದೂ ಹೌದು ಎಂದು ಅದಕ್ಕೆ ಗೊತ್ತಾಗಬೇಕಾದರೆ ಕ್ಲಿಪ್ಪು, ಮೆಟ್ಟಿಲು, ಡಬ್ಬಿ ಬೇಕು. ಮೆಟ್ಟಿಲು ಬಿಟ್ಟು ಉಳಿದದ್ದೆಲ್ಲ ಇದ್ದದ್ದು ಬೀರುವಿನಲ್ಲಿ. ತಾವು ಮುಂದೆ ಮಾಡಿದ್ದು ಆ ಬೀರುವನ್ನು ತೆರೆಸಿದ್ದು.

ತೆರೆದ ರಭಸಕ್ಕೆ ಮೇಲಿನ ಹಲಗೆಯಿಂದ ಗುಂಡಿಯ ಡಬ್ಬಿ ಉರುಳಿತು. ನೆಲದ ತುಂಬ ಗುಂಡಿಗಳು. ಆಗ ನಡೆದದ್ದನ್ನು ತಾವು ನೋಡಿದಿರಿ, ಆದರೆ ಕಾಣಲಿಲ್ಲ. ಯಾರೂ ಹೇಳದೆಯೇ ಹದಿನೆಂಟು ಮಕ್ಕಳು ಮಂಡಿಯೂರಿದರು. ಒಂದು ಗುಂಪು ಬಿಳಿಯದನ್ನು ಆರಿಸಿತು, ಒಂದು ಗುಂಪು ಬಣ್ಣದ್ದನ್ನು. "ಎರಡು ತೂತಿಂದು ಇಲ್ಲಿ ಹಾಕ್ರೋ, ನಾಲ್ಕು ತೂತಿಂದು ಆ ಕಡೆ!" ಎಂದು ಚಿಳ್ಳೆ ಮೇಸ್ತ್ರಿಯಂತೆ ಕೂಗುತ್ತಿದ್ದಳು. ತಮ್ಮ ಸಹಾಯಕರೂ ಕಡತ ಕೆಳಗಿಟ್ಟು ಬಗ್ಗಿದರು. "ಸಾರ್, ಇದಕ್ಕೆ ಮೂರು ತೂತು ಇದೆ ಸಾರ್!" ಎಂದು ಹಿಗ್ಗಿನಿಂದ ಎತ್ತಿ ತೋರಿಸಿದರು. ತಾವು ಅವರನ್ನು ನೋಡಿದ ನೋಟಕ್ಕೆ ಪಾಪ, ಆ ಮನುಷ್ಯ ಗುಂಡಿಯನ್ನು ಮಗುವಿನ ಕೈಗೆ ಕೊಟ್ಟು ಎದ್ದುನಿಂತರು. ತಾವು ಬರೆದುಕೊಂಡದ್ದು ಎರಡು ಪದ: "ಶಿಸ್ತಿನ ಅಭಾವ." ಬೀರುವಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ, "ಕಲಿಕೆಗೆ ಸಂಬಂಧಿಸದ ವಸ್ತುಗಳು."

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕಚೇರಿಗಳು ಬೀಗ ಹಾಕುತ್ತವೆ, ತೆಗೆಯುತ್ತವೆ, ನಾವು ನಮ್ಮ ಪಾಡಿಗೆ ಬಟ್ಟೆ ಒಗೆಯುತ್ತೇವೆ. ಆದರೆ ಅಂದು ಮಧ್ಯಾಹ್ನ ತಮ್ಮ ಕಾರ್ಡು ಅಂಗಡಿಗೆ ಬಂತು. ಚಿಳ್ಳೆ ಅದನ್ನು ಹೆಮ್ಮೆಯಿಂದ ಅಜ್ಜನ ಕೈಗೆ ಕೊಟ್ಟು, "ಕೆಂಪು ಅಕ್ಷರದಲ್ಲಿ ಏನು ಬರ್ದಿದ್ದಾರೆ ಓದಜ್ಜಾ" ಅಂದಳು. ಕೆಂಪು ಬಣ್ಣ ಬಹುಮಾನ ಎಂದುಕೊಂಡಿದ್ದಳೋ ಏನೋ. ನನ್ನ ಯಜಮಾನರು ದಿನಕ್ಕೆ ಹತ್ತು ಮಾತಾಡುವವರಲ್ಲ. ಆ ದಿನದ ಮಾತುಗಳನ್ನು ಇದಕ್ಕೇ ಖರ್ಚು ಮಾಡಬೇಕೇ? ಕನ್ನಡಕ ಏರಿಸಿ, ಯೋಚಿಸದೆ, ಗಟ್ಟಿಯಾಗಿ ಓದಿಬಿಟ್ಟರು: "ಸಂಖ್ಯಾಜ್ಞಾನ ಇಲ್ಲ. ಲೆಕ್ಕ ಬರುವುದಿಲ್ಲ."

ಮಗು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಸುಮ್ಮನೆ ಹೋಗಿ ಯಂತ್ರದ ಪಕ್ಕ ಕೂತಳು. ಮರುದಿನ ಕಾಲುಚೀಲದ ರಾಶಿ ಮುಂದಿಟ್ಟರೆ ಮುಟ್ಟಲಿಲ್ಲ. "ಜೋಡಿ ಮಾಡಲ್ವೇನೇ?" ಅಂದೆ. "ನಂಗೆ ಲೆಕ್ಕ ಬರಲ್ಲ ಅಜ್ಜಿ. ಸರ್ ಬರ್ದಿದ್ದಾರೆ" ಅಂದಳು. ಮೆಟ್ಟಿಲು ಹತ್ತುವಾಗ ಜೋರಾಗಿ ಎಣಿಸುತ್ತಿದ್ದವಳು ಬಾಯಿ ಮುಚ್ಚಿಕೊಂಡು ಹತ್ತಿದಳು. ಬೆಡ್‌ಶೀಟಿನ ತುದಿ ಹಿಡಿಯಲು ಕರೆದರೆ, "ನೀನೇ ಮಡಿಸ್ಕೋ, ನಾನು ತಪ್ಪು ಮಾಡ್ತೀನಿ." ನಾಲ್ಕು ವರ್ಷದ ಮಗುವಿನ ಬಾಯಲ್ಲಿ "ನಾನು ತಪ್ಪು ಮಾಡ್ತೀನಿ" ಎಂಬ ಮಾತು! ಅದನ್ನು ಕಲಿಸಲು ತಮಗೆ ಒಂದೇ ಒಂದು ಬೆಳಿಗ್ಗೆ ಸಾಕಾಯಿತು. ಕಲಿಸುವುದರಲ್ಲಿ ತಾವು ಎಂಥ ನಿಪುಣರು! ಅವಳ ಅಮ್ಮ ಸಂಜೆ ಬಂದು ತೊಡೆಯ ಮೇಲೆ ಕೂರಿಸಿಕೊಂಡು ಎಷ್ಟೋ ಹೇಳಿದಳು. ತಲೆಯಾಡಿಸಿದಳೇ ಹೊರತು ಎಣಿಸಲಿಲ್ಲ.

ಹೀಗೆ ನಾಲ್ಕು ದಿನ. ಐದನೆಯ ದಿನ ಯಜಮಾನರು ಒಂದು ಉಪಾಯ ಹೂಡಿದರು. ಅವರು ಉಪಾಯ ಹೂಡುವವರೆಂದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಇಸ್ತ್ರಿ ಆರಿಸಿ, ಒಂದು ಅಂಗಿಯನ್ನು ಮೇಜಿನ ಮೇಲೆ ಹಾಸಿ, ಅವಳಿಗೆ ಕೇಳಿಸುವಂತೆ ನಿಟ್ಟುಸಿರು ಬಿಟ್ಟರು.

"ಏನಾಯ್ತು ಅಜ್ಜ?"

"ನಂಗೂ ಲೆಕ್ಕ ಬರಲ್ಲ ಮಗಾ."

"ನಿಂಗೂನಾ?"

"ಹೂಂ. ಈ ಗುಂಡಿ ಎಣಿಸ್ಬೇಕು. ಯಾರೂ ಇಲ್ಲ. ನೀನು ಎಣಿಸ್ಬೇಡ, ನಿಂಗೂ ಬರಲ್ಲ. ನಾನೇ ಹೇಗೋ ಮಾಡ್ತೀನಿ." ಬೆರಳಿಟ್ಟು ಶುರು ಮಾಡಿದರು. "ಒಂದು, ಎರಡು, ನಾಲ್ಕು..."

ಯಂತ್ರದ ಪಕ್ಕದಿಂದ ಒಂದು ತಲೆ ಮೇಲೆದ್ದಿತು.

"ತಪ್ಪಾಯ್ತೇನೋ. ಇನ್ನೊಂದ್ಸಲ. ಒಂದು, ಎರಡು, ಎರಡು, ಏಳು..."

ಅವಳ ತುಟಿ ಅದುರುತ್ತಿತ್ತು. ಎಲ್ಲಿ ಅಳುತ್ತಾಳೋ ಎಂದು ನಾನು ಹೆದರಿದೆ. ಯಜಮಾನರು ನನ್ನ ಕಡೆ ತಿರುಗಿಯೂ ನೋಡದೆ ಮೂರನೆಯ ಸಲ ಶುರು ಮಾಡಿ, ಒಂದೇ ಗುಂಡಿಯನ್ನು ಎರಡು ಸಲ ಮುಟ್ಟಿ, ಕಾಲರಿನದನ್ನು ಹಾರಿಸಿ, "ಒಂದು, ಎರಡು, ನಾಲ್ಕು, ಒಂಬತ್ತು. ಒಟ್ಟು ನೂರು!" ಎಂದು ಘೋಷಿಸಿದರು.

"ಅಜ್ಜಾ!" ಚಿಳ್ಳೆ ಚೀರಿದಳು. "ಮೂರು ಎಲ್ಲಿ ಹೋಯ್ತು? ಇದನ್ನ ಎರಡು ಸಲ ಮುಟ್ಟಿದೆ! ಕಾಲರಿಂದು ಬಿಟ್ಟೇಬಿಟ್ಟೆ! ಸರಿ, ಸರ್ಕೋ ಆ ಕಡೆ!" ಸ್ಟೂಲು ಎಳೆದುಕೊಂಡು ಹತ್ತಿ, ಅಜ್ಜನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಒಂದೊಂದೇ ಗುಂಡಿಯ ಮೇಲೆ ಒತ್ತಿಸುತ್ತಾ ಎಣಿಸಿದಳು. ಎಂಟು ಬಂತು. "ತೋಳಿನ ಗುಂಡಿ?" ಎಂದು ಅಜ್ಜ ಮೆಲ್ಲಗೆ ಕೇಳಿದರು. "ಅದು ಬೇರೆ ಲೆಕ್ಕ ಅಂತ ಆವತ್ತೇ ಮಾತಾಡ್ಕೊಂಡಿಲ್ವಾ?" ಎಂದು ಗದರಿದಳು. ಗದರಿಸಿಕೊಂಡ ಯಜಮಾನರು ಇಸ್ತ್ರಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಕೇಳಿದರೆ, ಆವಿ ಹೊಡೆಯಿತು ಅಂದರು. ಇಸ್ತ್ರಿ ಆರಿಸಿ ಹತ್ತು ನಿಮಿಷವಾಗಿತ್ತು.

ಅಂದಿನಿಂದ ದೊಡ್ಡವರು ತಪ್ಪಾಗಿ ಎಣಿಸುವುದೇ ನಮ್ಮ ಅಂಗಡಿಯ ಹೊಸ ಆಟ. ಗಿರಾಕಿಗಳೂ ಸೇರಿಕೊಂಡಿದ್ದಾರೆ. ತಪ್ಪು ಹಿಡಿಯುವುದು ಎಂಥ ಸಂತೋಷ ಎಂಬುದು ತಮಗೆ ಗೊತ್ತು, ಅದು ತಮ್ಮ ಉದ್ಯೋಗ. ಆ ಸಂತೋಷವನ್ನು ಮಕ್ಕಳಿಗೂ ಒಂದಿಷ್ಟು ಬಿಟ್ಟುಕೊಟ್ಟರೆ ಇಲಾಖೆಗೇನು ನಷ್ಟ?

ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ ನಿಜ, ಆದರೆ ತಕ್ಷಣ ಅಲ್ಲಿಗೆ ಹೋದವಳಲ್ಲ. ಒಂದು ತಿಂಗಳ ಹಿಂದೆ ಚಿಳ್ಳೆಯ ಕೈ ಹಿಡಿದು ತಮ್ಮ ಕಚೇರಿಗೇ ಬಂದಿದ್ದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು, "ಮನವಿ ಮೂರು ಪ್ರತಿ ಬೇಕು. ಒಂದೊಂದಕ್ಕೂ ಕಾರ್ಡಿನ ನಕಲು ಒಂದು, ನೋಟಿಸಿನ ನಕಲು ಒಂದು" ಅಂದರು. ಕಾರ್ಡೂ ಟೀಚರು ಕೊಟ್ಟಿದ್ದ ನೋಟಿಸೂ ನನ್ನ ಚೀಲದಲ್ಲಿದ್ದವು, ಎದುರಿನ ಅಂಗಡಿಯಿಂದ ನಕಲು ಮಾಡಿಸಿ ತಂದೆ. ಗುಮಾಸ್ತರು ಕಟ್ಟನ್ನು ಬೆರಳಲ್ಲಿ ತಿರುವಿ, "ಸರಿ ಇದೆ, ಬಿಟ್ಟುಹೋಗಿ" ಎಂದರು. ಚಿಳ್ಳೆ ಅದನ್ನು ಎತ್ತಿಕೊಂಡು ನೆಲದ ಮೇಲೆ ಕೂತಳು. ಮೂರು ಮನವಿಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮೇಲೂ ಎರಡೆರಡು ಹಾಳೆ ಹಂಚಿದಳು. ಕೊನೆಯದಕ್ಕೆ ಒಂದೇ ಬಂತು.

"ಇದಕ್ಕೆ ಒಂದು ಸಾಲಲ್ಲ. ಅಳುತ್ತೆ," ಅಂದಳು.

ಗುಮಾಸ್ತರು ಎದ್ದುಬಂದು ನೋಡಿದರು. ನಿಜವಾಗಿಯೂ ಒಂದು ಹಾಳೆ ಕಡಿಮೆ ಇತ್ತು. "ಅರೆ! ಜಾಣಮರಿ. ಯಾವ ಕ್ಲಾಸಮ್ಮಾ ನೀನು?"

"ಲೆಕ್ಕ ಬರದ ಕ್ಲಾಸು," ಅಂದಳು ನನ್ನ ಮೊಮ್ಮಗಳು, ಗಂಭೀರವಾಗಿ.

ಆ ಗುಮಾಸ್ತರು ಒಳ್ಳೆಯವರು. ಬಿಟ್ಟುಹೋದ ನಕಲನ್ನು ಅವರೇ ಮಾಡಿಸಿಕೊಂಡು ಬಂದು ಮೊಹರು ಒತ್ತಿ ಸ್ವೀಕೃತಿ ಕೊಟ್ಟರು. ಅಲ್ಲಿಗೆ ಮುಗಿಯಿತು. ಇವತ್ತಿನವರೆಗೆ ಉತ್ತರವಿಲ್ಲ.

ಈ ಪತ್ರ ಬರೆಯುವ ಮುಂಚೆ ಟೀಚರ ಒಪ್ಪಿಗೆ ಕೇಳಿದೆ. ಮೊದಲು ಆಕೆ ಕೈ ಮುಗಿದರು. "ಬೇಡಮ್ಮಾ. ನಾನಿನ್ನೂ ಕಾಯಂ ಆಗಿಲ್ಲ. ಪತ್ರಿಕೇಲಿ ಬಂದ್ರೆ ಕೆಲಸ ಹೋಗುತ್ತೆ." ನಾನು ಕಾಗದ ಮಡಿಸಿಟ್ಟೆ. ಎರಡು ವಾರ ಕಳೆದು ಆಕೆಯೇ ಅಂಗಡಿಗೆ ಬಂದರು. ಬೀರು ಇಲ್ಲದಿದ್ದರೆ ಏನಂತೆ ಎಂದು ಮಕ್ಕಳ ಚಪ್ಪಲಿಗಳನ್ನೇ ಉದ್ದದ ಪ್ರಕಾರ ಸಾಲು ಹಚ್ಚಿಸುತ್ತಿದ್ದಾರಂತೆ. ಕಿಟಕಿಯ ಸರಳುಗಳಲ್ಲಿ ಒಂದು ಬಿಟ್ಟು ಒಂದಕ್ಕೆ ದಾರ ಕಟ್ಟಿಸುತ್ತಿದ್ದಾರಂತೆ. "ಅದನ್ನೂ ಯಾರಾದ್ರೂ ಬಂದು ನಿಲ್ಲಿಸ್ತಾರೆ ಅಂತ ಬಾಗಿಲ ಕಡೆ ಕಣ್ಣಿಟ್ಕೊಂಡೇ ಪಾಠ ಮಾಡ್ತಿದ್ದೀನಮ್ಮಾ. ಕಳ್ಳತನ ಮಾಡಿದ ಹಾಗೆ. ನಂಗೆ ಸಾಕಾಯ್ತು. ಬರೀರಿ. ಆದ್ರೆ ವ್ಯಂಗ್ಯ ಮಾತ್ರ ಕಡಿಮೆ ಇರಲಿ." ಆಗಲಿ ಎಂದು ಮಾತು ಕೊಟ್ಟೆ. ಉಳಿಸಿಕೊಂಡಿಲ್ಲ, ಕ್ಷಮೆ ಕೇಳಿಕೊಳ್ಳುತ್ತೇನೆ, ಅವರಲ್ಲಿ.

ತಮ್ಮ ಕಷ್ಟವೂ ನನಗೆ ಅರ್ಥವಾಗದ್ದಲ್ಲ. ಎಷ್ಟೋ ಶಿಶುವಿಹಾರ, ಎಷ್ಟೋ ಮಕ್ಕಳು, ಎಲ್ಲರನ್ನೂ ಒಂದೇ ಹಾಳೆಯಲ್ಲಿ ಅಳೆದು ಮೇಲಿನವರಿಗೆ ಕಳುಹಿಸಬೇಕು. ಆಟಕ್ಕೆ ಅಂಕ ಕೊಡುವ ಕೋಷ್ಟಕ ತಮ್ಮ ಹಾಳೆಯಲ್ಲಿ ಇಲ್ಲ. ಐವತ್ತರವರೆಗೆ ಬರೆದದ್ದು ಕಣ್ಣಿಗೆ ಕಾಣುತ್ತದೆ. ಹುಲ್ಲಿನ ಹಿಂದಿನ ಬಾತುಕೋಳಿ ಕಾಣುವುದಿಲ್ಲ. ಹಾಗಾದರೆ ಕೋಷ್ಟಕ ತಿದ್ದಿ. ನಮ್ಮಲ್ಲಿ ಅಂಗಿ ಮೈಗೆ ಕೂಡದಿದ್ದರೆ ಅಂಗಿಯನ್ನು ದರ್ಜಿಗೆ ಕೊಡುತ್ತಾರೆ, ಮನುಷ್ಯನನ್ನಲ್ಲ.

ಕಳೆದ ಸೋಮವಾರ ತರಗತಿಯಲ್ಲಿ ಚಾಪೆ ಹಾಸುವ ಸರದಿ ಚಿಳ್ಳೆಯದಾಗಿತ್ತು. ಒಬ್ಬರಿಗೊಂದು ಪುಟ್ಟ ಚಾಪೆ, ಬಂದಿರುವವರನ್ನು ಎಣಿಸಿ ಹಾಸಬೇಕು. ಹದಿನೆಂಟೂ ಮಕ್ಕಳು ಬಂದಿದ್ದರು. ಅವಳು ಹಾಸಿದ್ದು ಹತ್ತೊಂಬತ್ತು. ಟೀಚರು, ಇವಳು ಮತ್ತೆ ತಪ್ಪಿದಳೋ ಎಂದು ಮೆಲ್ಲಗೆ, "ಒಂದು ಜಾಸ್ತಿ ಆಯ್ತಲ್ಲ ಪುಟ್ಟಾ?" ಎಂದು ಕೇಳಿದರಂತೆ.

"ಜಾಸ್ತಿ ಆಗಿಲ್ಲ ಟೀಚರ್. ಹದಿನೆಂಟು ನಮಗೆ. ಇದು ಆ ಕೆಂಪು ಪೆನ್ನಿನ ಸರ್‌ಗೆ. ಅವರಿಗೆ ಯಾರೂ ಆಟ ಹೇಳ್ಕೊಟ್ಟಿಲ್ಲ ಅನ್ಸುತ್ತೆ. ನನ್ನ ಪಕ್ಕ ಕೂರಲಿ, ನಾನು ಹೇಳ್ಕೊಡ್ತೀನಿ."

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಟೀಚರ ಮೇಲಿನ ನೋಟಿಸನ್ನು ಹಿಂದಕ್ಕೆ ಪಡೆಯಿರಿ, ಲಿಖಿತವಾಗಿ. ಕಾರ್ಡಿನ ಮೇಲಿನ ಕೆಂಪು ಸಾಲನ್ನು ತಾವೇ ಹೊಡೆದುಹಾಕಿ ಸಹಿ ಮಾಡಿ, ಮೊಹರು ಐಚ್ಛಿಕ. ಬೀರುವಿನ ಕೀಲಿಯನ್ನು ಅಂಚೆಯಲ್ಲಿ ಕಳುಹಿಸಬೇಡಿ, ಖುದ್ದಾಗಿ ತನ್ನಿ. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಸಾಕು. ತಮಗಾಗಿ ಹಾಸಿದ ಚಾಪೆ ಕಿಟಕಿಯ ಪಕ್ಕದ್ದು. ಸೋಮವಾರದಿಂದ ಯಾರನ್ನೂ ಅದರ ಮೇಲೆ ಕೂರಲು ಬಿಡದೆ ಒಬ್ಬಳು ಕಾಯುತ್ತಿದ್ದಾಳೆ.

ಇಂತಿ,
ಉತ್ತರಕ್ಕಾಗಿ ಮೂವತ್ತೆರಡು ದಿನ ಎಣಿಸಿ ಸುಸ್ತಾದ,
ಲೆಕ್ಕ ಬಾರದವಳ ಅಜ್ಜಿ
(ತಮ್ಮ ಕಡತದಲ್ಲಿ ಇನ್ನು ಮುಂದೆ ಬಹುಶಃ "ತಲೆನೋವು")